ಸಸ್ಕಾಚೆವಾನ್ ಪ್ರಾಂತ್ಯದ ಆಸ್ಪತ್ರೆ ವಿಮೆಯೂ ಗ್ರಾಮೀಣ ಆಸ್ಪತ್ರೆಗಳ ಆದಾಯವೂ

ರೋಗಿಗೆ ವಿಮೆಯ ಆಶ್ರಯ ದೊರೆತರೆ ಹಳ್ಳಿಯ ಆಸ್ಪತ್ರೆ ತಾನಾಗಿಯೇ ಉಳಿಯುತ್ತದೆಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಇದು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದೆಂಬುದನ್ನು ಕೆನಡಾ ದೇಶದ ಸಸ್ಕಾಚೆವಾನ್ ಪ್ರಾಂತ್ಯದ ಇತಿಹಾಸದಿಂದ ನಾವು ಪರಿಶೀಲಿಸಬಹುದು.

ಗೋದಿ ಬೆಳೆಯುವ ಈ ಬಯಲುಸೀಮೆಯಲ್ಲಿ ಜನವಸತಿ ವಿರಳ. ಒಂದೊಂದೇ ಊರಿಗೆ ಆಸ್ಪತ್ರೆಯನ್ನು ನಡೆಸುವ ಶಕ್ತಿಯಿರಲಿಲ್ಲ. ಆದಕಾರಣ 1916ರ ಶಾಸನವೊಂದು, ನೆರೆಹೊರೆಯ ಪಟ್ಟಣ ಗ್ರಾಮಗಳು ಒಟ್ಟುಗೂಡಿ ಸಂಯುಕ್ತ ಆಸ್ಪತ್ರೆಯನ್ನು ಕಟ್ಟಿ ಸ್ಥಳೀಯ ತೆರಿಗೆಯಿಂದ ಪೋಷಿಸಲು ಅವಕಾಶ ಕಲ್ಪಿಸಿತು. 1930ರ ದಶಕದಲ್ಲಿ ಅನಾವೃಷ್ಟಿಯೂ ಧಾನ್ಯದ ಬೆಲೆಯ ಕುಸಿತವೂ ಒಟ್ಟಿಗೆ ಬಂದೆರಗಿದಾಗ ಈ ಏರ್ಪಾಡಿನ ದೌರ್ಬಲ್ಯ ಬಯಲಾಯಿತು. ರೈತನು ಶುಲ್ಕವನ್ನೂ ತೆರಲಾರದಾದನು, ತೆರಿಗೆಯನ್ನೂ ತೆರಲಾರದಾದನು. ಆಸ್ಪತ್ರೆಯ ಎರಡು ಆದಾಯಮೂಲಗಳೂ ಒಂದೇ ಹೊಲವನ್ನು ನಂಬಿದ್ದವು.

1944ರಲ್ಲಿ ಅಧಿಕಾರಕ್ಕೆ ಬಂದ ಟಾಮಿ ಡಗ್ಲಸರ ಸರ್ಕಾರ, ವೈದ್ಯಶಾಸ್ತ್ರದ ಇತಿಹಾಸಕಾರರಾದ ಹೆನ್ರಿ ಸಿಗರಿಸ್ಟರಿಂದ ಆರೋಗ್ಯಸ್ಥಿತಿಯ ಸಮೀಕ್ಷೆ ಮಾಡಿಸಿತು. ಅದೇ ವರ್ಷ ಇವರು ಭೋರ್ ಸಮಿತಿಗೆ ಸಲಹೆ ನೀಡಲು ಭಾರತಕ್ಕೂ ಬಂದಿದ್ದರು. 1947ರ ಜನವರಿ 1ರಿಂದ ಆಸ್ಪತ್ರೆ ವಿಮೆ ಪ್ರಾಂತ್ಯದಲ್ಲೆಲ್ಲ ಜಾರಿಗೆ ಬಂದಿತು. ಒಬ್ಬರಿಗೆ ವರ್ಷಕ್ಕೆ 5 ಡಾಲರು, ಕುಟುಂಬಕ್ಕೆ ಹೆಚ್ಚೆಂದರೆ 30 ಡಾಲರು ಕಂತು. ಮಿಕ್ಕದ್ದು ಸರ್ಕಾರದ ಬೊಕ್ಕಸದಿಂದ. ವಸೂಲಾಗದ ಬಾಕಿಯ ಸ್ಥಾನದಲ್ಲಿ ನಿಶ್ಚಿತವಾದ ಪಾವತಿ ಬಂದಿತು. ಆಸ್ಪತ್ರೆಯ ವರಮಾನ ಬೆಳೆಯ ಏರಿಳಿತದಿಂದ ಬಹುಮಟ್ಟಿಗೆ ಬಿಡುಗಡೆ ಹೊಂದಿತು. 1948ರಿಂದ ಕೇಂದ್ರದ ಕಟ್ಟಡ ಸಹಾಯಧನವೂ 1958ರಿಂದ ವೆಚ್ಚದ ಸುಮಾರು ಅರ್ಧಪಾಲೂ ದೊರೆಯತೊಡಗಿದವು.

ಆದರೆ ಇದರೊಡನೆ ಮತ್ತೊಂದು ಬದಲಾವಣೆಯಾಯಿತು. ಆಡಳಿತಮಂಡಲಿ ಊರಿನಲ್ಲೇ ಉಳಿದರೂ ಹಣದ ಮಂಜೂರಾತಿ ರಾಜಧಾನಿಯಾದ ರೆಜೈನಾ ನಗರಕ್ಕೆ ಸೇರಿತು. ಮುಂದಿನ ದಶಕಗಳಲ್ಲಿ ರಸ್ತೆಗಳು ಸುಧಾರಿಸಿದವು, ಹೊಲಗಳು ದೊಡ್ಡವಾದವು, ಜನರು ನಗರಗಳಿಗೆ ತೆರಳಿದರು, ಹಾಸಿಗೆಗಳು ಬರಿದಾದವು. 1977ರಲ್ಲಿ ಕೇಂದ್ರವು ವೆಚ್ಚದ ಪಾಲನ್ನು ಕೊಡುವ ಪದ್ಧತಿಯನ್ನು ಕೈಬಿಟ್ಟು ಇಡುಗಂಟಿನ ಅನುದಾನಕ್ಕೆ ತಿರುಗಿತು. ಕೊನೆಗೆ, ಸಾಲದಲ್ಲಿ ಮುಳುಗಿದ್ದ ಪ್ರಾಂತ್ಯವು 1993ರಲ್ಲಿ 52 ಸಣ್ಣ ಗ್ರಾಮೀಣ ಆಸ್ಪತ್ರೆಗಳ ಒಳರೋಗಿ ಚಿಕಿತ್ಸೆಗೆ ಹಣ ನಿಲ್ಲಿಸಿತು; ಅವುಗಳಲ್ಲಿ ಅನೇಕವು ಆರೋಗ್ಯಕೇಂದ್ರಗಳಾಗಿ ಮಾರ್ಪಟ್ಟವು. ಈ ನಿರ್ಧಾರ ಕೈಗೊಂಡದ್ದು ಡಗ್ಲಸರ ಪಕ್ಷದ ಉತ್ತರಾಧಿಕಾರಿಯಾದ ಪಕ್ಷವೇ ಎಂಬುದು ಗಮನಾರ್ಹ.

ಇದರಿಂದ ವಿಮೆ ವಿಫಲವಾಯಿತೆಂದು ತೀರ್ಮಾನಿಸುವುದು ಸರಿಯಲ್ಲ. ರೋಗಿಯ ಹಣವನ್ನು ಯಾರು ಕೊಡಬೇಕೆಂಬ ಪ್ರಶ್ನೆಗೆ ಅದು ಪೂರ್ಣವಾದ ಉತ್ತರವನ್ನೇ ಕೊಟ್ಟಿತು. ರೋಗಿಯಿಲ್ಲದ ದಿನವೂ ಸಿದ್ಧವಾಗಿರಬೇಕಾದ ಹಾಸಿಗೆಯ ವೆಚ್ಚವನ್ನು ಯಾರು, ಎಷ್ಟು ಕಾಲ ಹೊರಬೇಕೆಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ದೊರೆತ ಉತ್ತರವನ್ನು ಎರಡನೆಯದಕ್ಕೂ ಸಾಕೆಂದು ಭಾವಿಸಿದ ಊರುಗಳು 1993ರಲ್ಲಿ ತಮ್ಮ ಆಸ್ಪತ್ರೆಗಳನ್ನು ಕಳೆದುಕೊಂಡವು.