ಮಗ್ಗದ ಮುಂದಿನ ತಿರುವು: ಸೌಮ್ಯ ಲಕ್ವಾದ ನಂತರದ ಸಮತೋಲನ

ಲಕ್ವಾ ಹೊಡೆದು, ಕೆಲವೇ ದಿನಗಳಲ್ಲಿ ಕೈಕಾಲಿಗೆ ಬಲ ಬಂದು, ತಾವೇ ನಡೆದುಕೊಂಡು ಮನೆಗೆ ಮರಳಿದವರನ್ನು ನಮ್ಮ ಕಡೆ ‘ಪಾರಾದರು’ ಎನ್ನುತ್ತಾರೆ. ರಬಕವಿ-ಬನಹಟ್ಟಿಯಂಥ ನೇಕಾರರ ಊರಲ್ಲಿ ಆ ಮಾತು ಪೂರ್ತಿ ನಿಜವಾಗುವುದು ಅವರು ಮತ್ತೆ ಮಗ್ಗದ ಮುಂದೆ ನಿಂತಾಗ. ನಡಿಗೆ ಬಂದರೂ ತಿರುಗುವಾಗ ಜೋಲಿ ಹೋಗುವವರಿಗೆ ಯಾವ ಆರೈಕೆ ಬೇಕು ಎಂಬುದು ಇಲ್ಲಿನ ಪ್ರಶ್ನೆ.

ಒಪ್ಪಿತವಾದ ಸಂಗತಿಗಳನ್ನು ಬೇಗ ಹೇಳಿಬಿಡಬಹುದು. ಯಾವ ಕೆಲಸ ಮರಳಿ ಬರಬೇಕೋ ಅದನ್ನೇ ಮತ್ತೆ ಮತ್ತೆ ಮಾಡಿಸಬೇಕು. ಚೇತರಿಕೆಯ ವೇಗ ಮೊದಲ ತಿಂಗಳುಗಳಲ್ಲಿ ಹೆಚ್ಚು. ಆದರೆ ಅವಸರವೂ ಸಲ್ಲದು: 2,104 ರೋಗಿಗಳ ‘ಅವರ್ಟ್’ ಪ್ರಯೋಗದಲ್ಲಿ (2015) ಮೊದಲ 24 ಗಂಟೆಯೊಳಗೇ ಹೆಚ್ಚು ಎಬ್ಬಿಸಿ ಓಡಾಡಿಸಿದವರಲ್ಲಿ ಒಳ್ಳೆಯ ಫಲ ಕಂಡವರು ಶೇ. 46, ಎಂದಿನ ಆರೈಕೆಯವರಲ್ಲಿ ಶೇ. 50.

ತಕರಾರು ಇರುವುದು ‘ಅಟೆಂಡ್’ ಪ್ರಯೋಗವನ್ನು (2017) ಓದುವ ಬಗೆಯಲ್ಲಿ. ಭಾರತದ 14 ಆಸ್ಪತ್ರೆಗಳ 1,250 ರೋಗಿಗಳಲ್ಲಿ ಒಂದು ಗುಂಪಿನ ಮನೆಯವರಿಗೆ ವ್ಯಾಯಾಮ ಮಾಡಿಸುವುದನ್ನು ಕಲಿಸಲಾಯಿತು. ಆರು ತಿಂಗಳ ನಂತರ ಸಾವು ಅಥವಾ ಪರಾವಲಂಬನೆ ಎರಡೂ ಗುಂಪುಗಳಲ್ಲಿ ಶೇ. 47. ಇದರಿಂದ ‘ಮನೆಯವರು ಮಾಡಿಸುವ ವ್ಯಾಯಾಮದಿಂದ ಪ್ರಯೋಜನವಿಲ್ಲ’ ಎಂಬ ತೀರ್ಮಾನಕ್ಕೆ ಬರುವುದುಂಟು. ಅಂಕಿಗಳ ಬಗ್ಗೆ ನನಗೆ ಅನುಮಾನವಿಲ್ಲ. ತೀರ್ಮಾನದ ವ್ಯಾಪ್ತಿಯ ಬಗ್ಗೆ ಇದೆ.

ಆ ಪ್ರಯೋಗಕ್ಕೆ ಸೇರಿದವರು ದಿನನಿತ್ಯದ ಕೆಲಸಗಳಿಗೆ ಇನ್ನೊಬ್ಬರ ನೆರವು ಬೇಕಾದವರು. ಸೌಮ್ಯ ಲಕ್ವಾದ ಬಹುಪಾಲು ರೋಗಿಗಳು ಬಾಗಿಲಲ್ಲೇ ಹೊರಗುಳಿದರು. ಫಲವನ್ನು ಅಳೆದದ್ದು ರ‍್ಯಾಂಕಿನ್ ಮಾಪಕದಿಂದ. ಅದರಲ್ಲಿ 0ಯಿಂದ 2ರವರೆಗೆ ಎಲ್ಲರೂ ಸ್ವಾವಲಂಬಿಗಳು. ಮೊದಲಿನಂತೆ ದಿನವಿಡೀ ನೇಯುವವನೂ, ತನ್ನ ಸ್ನಾನ-ಊಟ ತಾನು ನೋಡಿಕೊಂಡು ಮಗ್ಗವನ್ನು ಮಾತ್ರ ಬಿಟ್ಟವನೂ ಅಲ್ಲಿ ಒಂದೇ ಲೆಕ್ಕ. ನೇಕಾರನ ಮನೆಗೆ ಇವೆರಡರ ನಡುವಿನ ಅಂತರವೇ ಸಂಸಾರದ ಅಂತರ.

ಬರ್ಗ್ ಸಮತೋಲನ ಮಾಪಕವೂ ಇಲ್ಲಿ ಸಾಲದು. ಅದರ 14 ಪರೀಕ್ಷೆಗಳ 56 ಅಂಕಗಳಲ್ಲಿ ಸೌಮ್ಯ ರೋಗಿಗಳು ಬೇಗ ತುದಿ ಮುಟ್ಟುತ್ತಾರೆ. ನಡಿಗೆಯ ಪರೀಕ್ಷೆಯಂತೂ ಅದರಲ್ಲಿಲ್ಲ. ವಿದ್ಯುತ್ ಮಗ್ಗದ ನೇಕಾರ ಎರಡು ಮಗ್ಗಗಳ ನಡುವಿನ ಇಕ್ಕಟ್ಟಿನಲ್ಲಿ ನಿಂತು, ಕಡಿದ ಎಳೆ ಕಂಡೊಡನೆ ಬಗ್ಗಿ ಗಂಟು ಹಾಕಿ, ಕಂಡಿಕೆ ಮುಗಿದ ಲಾಳಿ ಬದಲಿಸಲು ಹಿಂದಕ್ಕೆ ತಿರುಗಬೇಕು. ಕಣ್ಣು ಎಳೆಯ ಮೇಲೆ. ಕಾಲು ತನ್ನಷ್ಟಕ್ಕೆ ತಾನು ದಾರಿ ಹಿಡಿಯಬೇಕು. ಕುಣಿಮಗ್ಗದವರ ಕಷ್ಟ ಬೇರೆ: ಕೂತು ನೇಯುವುದಕ್ಕಿಂತ ಕುಣಿಗೆ ಇಳಿದು ಏಳುವುದೇ ಕಠಿಣ.

ಹೀಗಾಗಿ ನನ್ನ ವಾದ ಇಷ್ಟು: ಸೌಮ್ಯ ಲಕ್ವಾದ ನೇಕಾರರಿಗೆ ಮಗ್ಗದ ಕೆಲಸವನ್ನೇ ಹೋಲುವ ತಿರುಗುವ, ಬಗ್ಗುವ, ಏಳುವ ಅಭ್ಯಾಸವನ್ನು ಮನೆಯವರ ಕಾವಲಿನಲ್ಲಿ ಮಾಡಿಸುವುದನ್ನು ‘ಅಟೆಂಡ್’ ಹೆಸರಲ್ಲಿ ಕೈಬಿಡಬಾರದು. ಅದು ಫಲ ಕೊಟ್ಟೇ ಕೊಡುತ್ತದೆಂದು ಇದರ ಅರ್ಥವಲ್ಲ. 408 ರೋಗಿಗಳ ‘ಲೀಪ್ಸ್’ ಪ್ರಯೋಗದಲ್ಲಿ (2011) ಮನೆಯ ವ್ಯಾಯಾಮ ಟ್ರೆಡ್‌ಮಿಲ್ ತರಬೇತಿಗೆ ಸರಿಸಮ ನಿಂತಿತು, ನಿಜ. ಆದರೆ ಅಲ್ಲಿ ಮನೆಗೆ ಬಂದು ಮಾಡಿಸಿದವರು ಫಿಸಿಯೋಥೆರಪಿಸ್ಟ್‌ಗಳು. ರೋಗಿಗಳೂ ಸೆಕೆಂಡಿಗೆ 0.8 ಮೀಟರಿಗಿಂತ ನಿಧಾನವಾಗಿ ನಡೆಯುತ್ತಿದ್ದವರು. ಆ ಫಲವನ್ನು ಹಾಗೆಯೇ ಇಲ್ಲಿಗೆ ತರಲಾಗದು. ವೈದ್ಯರು ರಕ್ತದೊತ್ತಡ ನೋಡಿ ಒಪ್ಪಿದ ಮೇಲೆ, ಫಿಸಿಯೋಥೆರಪಿಸ್ಟ್ ಒಮ್ಮೆಯಾದರೂ ಪರೀಕ್ಷಿಸಿದ ಮೇಲೆ, ಪಕ್ಕದಲ್ಲಿ ಒಬ್ಬರು ನಿಂತು, ಮಗ್ಗ ಬಂದ್ ಇದ್ದಾಗ ಮಾತ್ರ ಈ ಅಭ್ಯಾಸ ನಡೆಯಬೇಕು.

ದಿನಕ್ಕೆ ಎಷ್ಟು ಹೊತ್ತು, ಎಷ್ಟು ವಾರ ಎಂಬುದು ಇನ್ನೂ ತೀರ್ಮಾನವಾಗಬೇಕು. ನೆಲದ ಮೇಲೆ ಕೂತು ಕಂಡಿಕೆ ಸುತ್ತುವ ಹೆಣ್ಣುಮಕ್ಕಳಿಗೆ ಬೇರೆಯದೇ ಅಳತೆ ಬೇಕಾದೀತು. ಅಲ್ಲಿಯವರೆಗೆ ಈ ಭಾಗದ ವೈದ್ಯರಲ್ಲಿ ಒಂದು ಕೋರಿಕೆ: ಮನೆಗೆ ಕಳಿಸುವ ಚೀಟಿಯಲ್ಲಿ ‘ನಡೆಯುತ್ತಾರೆ’ ಎಂದಷ್ಟೇ ಬರೆಯದೆ, ಏನನ್ನೂ ಹಿಡಿಯದೆ ಹಿಂದಕ್ಕೆ ತಿರುಗಬಲ್ಲರೇ ಎಂಬುದನ್ನೂ ಬರೆಯಿರಿ.