ಫುಟ್ಬಾಲ್: ಮೂರನೇ ಸ್ಥಾನದ ಪಂದ್ಯ ಬೇಕೇ, ಬೇಡವೇ? ಪುಣೆಯ ಸೆಮಿಫೈನಲ್ ಕಲಿಸಿದ ಪಾಠ

ಪುಣೆ: 2022ರ ಫೆಬ್ರವರಿ 3. ಪುಣೆಯ ಬಾಲೇವಾಡಿಯಲ್ಲಿರುವ ಶಿವ ಛತ್ರಪತಿ ಕ್ರೀಡಾ ಸಂಕೀರ್ಣದಲ್ಲಿ ಒಂದೇ ದಿನ ಎಎಫ್‌ಸಿ ಮಹಿಳಾ ಏಷ್ಯನ್ ಕಪ್‌ನ ಎರಡೂ ಸೆಮಿಫೈನಲ್‌ಗಳು ನಡೆದವು. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾ 2-0 ಗೋಲುಗಳಿಂದ ಫಿಲಿಪ್ಪೀನ್ಸ್ ತಂಡವನ್ನು ಮಣಿಸಿತು. ಎರಡನೆಯದು ಉಸಿರು ಬಿಗಿಹಿಡಿದು ನೋಡುವಂಥ ಪಂದ್ಯ. ಹಾಲಿ ಚಾಂಪಿಯನ್ ಜಪಾನ್ ಎರಡು ಬಾರಿ ಮುನ್ನಡೆ ಪಡೆದರೂ ಚೀನಾ ಎರಡೂ ಬಾರಿ ಸಮಬಲ ಸಾಧಿಸಿತು. ಎರಡನೇ ಸಮಬಲದ ಗೋಲು ಬಂದದ್ದು 119ನೇ ನಿಮಿಷದಲ್ಲಿ. ಕೊನೆಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಚೀನಾ 4-3ರಿಂದ ಗೆದ್ದಿತು.

ಮೂರು ದಿನಗಳ ಬಳಿಕ ನವಿ ಮುಂಬೈಯಲ್ಲಿ ಫೈನಲ್ ನಡೆಯಿತು. ಆದರೆ ಪುಣೆಯಲ್ಲಿ ಸೋತ ಜಪಾನ್ ಮತ್ತು ಫಿಲಿಪ್ಪೀನ್ಸ್ ಮತ್ತೆ ಕಣಕ್ಕಿಳಿಯಲಿಲ್ಲ. ಈ ಟೂರ್ನಿಯಲ್ಲಿ ಮೂರನೇ ಸ್ಥಾನದ ಪಂದ್ಯವೇ ಇರಲಿಲ್ಲ. 2018ರಲ್ಲಿ ಜೋರ್ಡಾನ್‌ನಲ್ಲಿ ನಡೆದ ಹಿಂದಿನ ಟೂರ್ನಿಯಲ್ಲಿ ಅದು ಇತ್ತು. ಅಲ್ಲಿ ಚೀನಾ 3-1ರಿಂದ ಥಾಯ್ಲೆಂಡ್ ವಿರುದ್ಧ ಗೆದ್ದಿತ್ತು.

ಹಾಗಾದರೆ ಈ ಪಂದ್ಯದಿಂದ ಯಾರಿಗೆ ಲಾಭ? ಕೆಲವು ಟೂರ್ನಿಗಳು ಇದನ್ನು ಕೈಬಿಟ್ಟಿದ್ದೇಕೆ, ಕೆಲವು ಇನ್ನೂ ಉಳಿಸಿಕೊಂಡಿರುವುದೇಕೆ? ಇಲ್ಲಿದೆ ವಿವರ.

ಪುಣೆಯಲ್ಲಿ ಆ ಪಂದ್ಯ ಏಕೆ ಬೇಕಿರಲಿಲ್ಲ?

2022ರ ಮಹಿಳಾ ಏಷ್ಯನ್ ಕಪ್ 2023ರ ವಿಶ್ವಕಪ್‌ನ ಅರ್ಹತಾ ಟೂರ್ನಿಯೂ ಆಗಿತ್ತು. ಸೆಮಿಫೈನಲ್ ತಲುಪಿದ ನಾಲ್ಕೂ ತಂಡಗಳಿಗೆ ವಿಶ್ವಕಪ್ ಟಿಕೆಟ್ ಆಗಲೇ ಖಚಿತವಾಗಿತ್ತು. ಕ್ವಾರ್ಟರ್ ಫೈನಲ್‌ನಲ್ಲಿ ಚೈನೀಸ್ ತೈಪೆಯನ್ನು ಶೂಟೌಟ್‌ನಲ್ಲಿ ಸೋಲಿಸಿದಾಗಲೇ ಫಿಲಿಪ್ಪೀನ್ಸ್ ತನ್ನ ಮೊದಲ ವಿಶ್ವಕಪ್‌ಗೆ ಅರ್ಹತೆ ಪಡೆದಿತ್ತು. ಆ ಪಂದ್ಯವೂ ಪುಣೆಯಲ್ಲೇ ನಡೆದಿತ್ತು. ಹೀಗಾಗಿ ಜಪಾನ್-ಫಿಲಿಪ್ಪೀನ್ಸ್ ಪಂದ್ಯ ನಡೆದಿದ್ದರೂ ವಿಶ್ವಕಪ್ ಲೆಕ್ಕದಲ್ಲಿ ಏನೂ ಬದಲಾಗುತ್ತಿರಲಿಲ್ಲ.

ಆದರೆ ಆ ದಿನಗಳು ಖಾಲಿ ಹೋಗಲಿಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ಸೋತ ತಂಡಗಳ ಪೈಕಿ ಆಸ್ಟ್ರೇಲಿಯಾ ವಿಶ್ವಕಪ್‌ನ ಜಂಟಿ ಆತಿಥೇಯ ದೇಶವಾದ್ದರಿಂದ ಅದಕ್ಕೆ ಟಿಕೆಟ್‌ನ ಚಿಂತೆ ಇರಲಿಲ್ಲ. ಉಳಿದ ವಿಯೆಟ್ನಾಂ, ಥಾಯ್ಲೆಂಡ್ ಮತ್ತು ಚೈನೀಸ್ ತೈಪೆ ಒಂದೇ ಒಂದು ನೇರ ಸ್ಥಾನಕ್ಕಾಗಿ ಪ್ಲೇಆಫ್ ಆಡಿದವು. ಎರಡೂ ಪಂದ್ಯ ಗೆದ್ದ ವಿಯೆಟ್ನಾಂ ಮೊದಲ ಬಾರಿ ವಿಶ್ವಕಪ್‌ಗೆ ಹೋಯಿತು. ಉಳಿದ ಎರಡು ತಂಡಗಳಿಗೆ ಅಂತರ ಖಂಡ ಪ್ಲೇಆಫ್‌ನಲ್ಲಿ ಇನ್ನೊಂದು ಅವಕಾಶ ಸಿಕ್ಕಿತು. ಅಂದರೆ ಆಡಲು ಕಾರಣವಿದ್ದವರು ಆಡಿದರು, ಕಾರಣವಿಲ್ಲದವರು ಮನೆಗೆ ಹೋದರು.

ಆತಿಥೇಯ ಭಾರತಕ್ಕೆ ಮಾತ್ರ ಈ ಯಾವ ಅವಕಾಶವೂ ಸಿಗಲಿಲ್ಲ. ಆಟಗಾರ್ತಿಯರಿಗೆ ಕೋವಿಡ್ ತಗುಲಿ ಕನಿಷ್ಠ 13 ಮಂದಿಯನ್ನೂ ಹೊಂದಿಸಲಾಗದೆ ತಂಡ ಗುಂಪು ಹಂತದಲ್ಲೇ ಟೂರ್ನಿಯಿಂದ ಹೊರಬಿದ್ದಿತ್ತು.

ಯಾವ ಟೂರ್ನಿಯಲ್ಲಿ ಇದೆ, ಯಾವುದರಲ್ಲಿ ಇಲ್ಲ?

ವಿಶ್ವಕಪ್‌ನಲ್ಲಿ ಮೂರನೇ ಸ್ಥಾನದ ಪಂದ್ಯ ಮೊದಲು ನಡೆದದ್ದು 1934ರಲ್ಲಿ. ಇಟಲಿಯ ನೇಪಲ್ಸ್‌ನಲ್ಲಿ ಜರ್ಮನಿ 3-2ರಿಂದ ಆಸ್ಟ್ರಿಯಾವನ್ನು ಸೋಲಿಸಿತು. ಅಂತಿಮ ಸುತ್ತನ್ನು ಲೀಗ್ ಮಾದರಿಯಲ್ಲಿ ಆಡಿದ 1950ರ ಟೂರ್ನಿಯನ್ನು ಬಿಟ್ಟರೆ ಆ ಬಳಿಕ ಈ ಪಂದ್ಯ ತಪ್ಪಿಲ್ಲ.

ಯುರೋ ಕಪ್‌ನಲ್ಲಿ ಇದು ಕೊನೆಯದಾಗಿ ನಡೆದದ್ದು 1980ರಲ್ಲಿ. ಅದೇ ನೇಪಲ್ಸ್‌ನಲ್ಲಿ 1-1 ಸಮಬಲದ ಬಳಿಕ ಜೆಕೊಸ್ಲೊವಾಕಿಯಾ ಶೂಟೌಟ್‌ನಲ್ಲಿ 9-8ರಿಂದ ಇಟಲಿಯನ್ನು ಮಣಿಸಿತು. 1984ರಿಂದ ಯುರೋದಲ್ಲಿ ಈ ಪಂದ್ಯವಿಲ್ಲ. ಪುರುಷರ ಏಷ್ಯನ್ ಕಪ್ 2019ರಿಂದ ಇದನ್ನು ಕೈಬಿಟ್ಟಿದೆ. ಕೋಪಾ ಅಮೆರಿಕ ಮತ್ತು ಆಫ್ರಿಕಾ ಕಪ್ ಉಳಿಸಿಕೊಂಡಿವೆ.

ಬೆಂಗಳೂರಿನ ಪ್ರೇಕ್ಷಕರೂ ಇದನ್ನು ಕಂಡಿದ್ದಾರೆ. 2023ರಲ್ಲಿ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಭಾರತ ಶೂಟೌಟ್‌ನಲ್ಲಿ ಕುವೈತ್ ತಂಡವನ್ನು ಸೋಲಿಸಿ ಪ್ರಶಸ್ತಿ ಗೆದ್ದಿತು. ಸೆಮಿಫೈನಲ್‌ನಲ್ಲಿ ಸೋತ ಲೆಬನಾನ್ ಮತ್ತು ಬಾಂಗ್ಲಾದೇಶಕ್ಕೆ ಇನ್ನೊಂದು ಪಂದ್ಯ ಇರಲಿಲ್ಲ.

ಬೇಡ ಎನ್ನುವವರ ವಾದವೇನು?

ಸೆಮಿಫೈನಲ್ ಸೋತ ತಂಡದ ಮನಸ್ಸು ಮುರಿದಿರುತ್ತದೆ. ದೇಹವೂ ದಣಿದಿರುತ್ತದೆ. ಕಪ್ ಕೈತಪ್ಪಿದ ಮೂರು-ನಾಲ್ಕು ದಿನಗಳಲ್ಲೇ ಮತ್ತೆ ಆಡಿಸುವುದು ಶಿಕ್ಷೆಯಂತೆ ಎಂಬುದು ಹಲವು ಕೋಚ್‌ಗಳ ಅಭಿಪ್ರಾಯ. 2014ರ ವಿಶ್ವಕಪ್ ವೇಳೆ ನೆದರ್ಲೆಂಡ್ಸ್ ಕೋಚ್ ಲೂಯಿ ವಾನ್ ಗಾಲ್ ಈ ಪಂದ್ಯವನ್ನು ಆಡಿಸಲೇಬಾರದು ಎಂದು ಬಹಿರಂಗವಾಗಿ ಹೇಳಿದ್ದರು. ಆದರೆ ಅದೇ ಪಂದ್ಯದಲ್ಲಿ ಅವರ ತಂಡ ಆತಿಥೇಯ ಬ್ರೆಜಿಲ್ ವಿರುದ್ಧ 3-0ರಿಂದ ಗೆದ್ದಿತು. ಸೆಮಿಫೈನಲ್‌ನಲ್ಲಿ ಜರ್ಮನಿ ಕೈಯಲ್ಲಿ 7-1ರಿಂದ ಸೋತಿದ್ದ ಬ್ರೆಜಿಲ್‌ಗೆ ತವರಿನಲ್ಲೇ ಅದು ಎರಡನೇ ಬರೆ.

ಕಂಚಿಗಾಗಿ ಪಂದ್ಯ ಆಡಲೇಬೇಕೆಂಬ ನಿಯಮವೂ ಎಲ್ಲ ಕ್ರೀಡೆಗಳಲ್ಲಿಲ್ಲ. ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲಿ ಸೆಮಿಫೈನಲ್ ಸೋತ ಇಬ್ಬರಿಗೂ ಕಂಚು ಸಿಗುತ್ತದೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇರಾನ್‌ಗೆ ಸೋತ ಭಾರತದ ಪುರುಷರ ಕಬಡ್ಡಿ ತಂಡ ಇನ್ನೊಂದು ಪಂದ್ಯ ಆಡದೆಯೇ ಪಾಕಿಸ್ತಾನದ ಜೊತೆ ಕಂಚು ಹಂಚಿಕೊಂಡಿತ್ತು.

ಅಂಕಿ-ಅಂಶ ಬೇರೆಯದನ್ನೇ ಹೇಳುತ್ತದೆ

ಕಾಟಾಚಾರಕ್ಕೆ ಆಡುವ ಪಂದ್ಯ ಎಂಬ ಮಾತಿಗೆ ದಾಖಲೆಗಳು ಒಪ್ಪುವುದಿಲ್ಲ. 1978ರಿಂದ 2022ರವರೆಗಿನ 12 ವಿಶ್ವಕಪ್‌ಗಳಲ್ಲಿ ಮೂರನೇ ಸ್ಥಾನದ ಪಂದ್ಯಗಳಲ್ಲಿ ಬಂದ ಗೋಲುಗಳು 46. ಅದೇ ಅವಧಿಯ ಫೈನಲ್‌ಗಳಲ್ಲಿ ಬಂದದ್ದು 35. ಸೋಲುವ ಭಯವಿಲ್ಲದ ಕಡೆ ಆಟ ಬಿಚ್ಚಿಕೊಳ್ಳುತ್ತದೆ.

ದಾಖಲೆಗಳೂ ಇಲ್ಲಿ ಹುಟ್ಟಿವೆ. 1958ರಲ್ಲಿ ಫ್ರಾನ್ಸ್‌ನ ಜಸ್ಟ್ ಫಾಂಟೇನ್ ಪಶ್ಚಿಮ ಜರ್ಮನಿ ವಿರುದ್ಧ ಈ ಪಂದ್ಯದಲ್ಲೇ 4 ಗೋಲು ಹೊಡೆದು ತಮ್ಮ ಲೆಕ್ಕವನ್ನು 13ಕ್ಕೆ ಏರಿಸಿಕೊಂಡರು. ಒಂದೇ ವಿಶ್ವಕಪ್‌ನಲ್ಲಿ ಅಷ್ಟು ಗೋಲು ಇನ್ನಾರೂ ಹೊಡೆದಿಲ್ಲ. 2002ರಲ್ಲಿ ಟರ್ಕಿಯ ಹಕನ್ ಶುಕುರ್ ದಕ್ಷಿಣ ಕೊರಿಯಾ ವಿರುದ್ಧ ಸುಮಾರು 11 ಸೆಕೆಂಡ್‌ಗಳಲ್ಲೇ ಗೋಲು ಗಳಿಸಿದರು. ವಿಶ್ವಕಪ್ ಇತಿಹಾಸದ ಅತಿ ವೇಗದ ಗೋಲು ಅದು.

ಹಣದ ಲೆಕ್ಕವೂ ಇದೆ. 2022ರ ಕತಾರ್ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ಕ್ರೊಯೇಷಿಯಾಕ್ಕೆ 2.7 ಕೋಟಿ ಡಾಲರ್, ನಾಲ್ಕನೆಯದಾದ ಮೊರಾಕ್ಕೊಗೆ 2.5 ಕೋಟಿ ಡಾಲರ್ ಬಹುಮಾನ ಸಿಕ್ಕಿತು. ಸಂಘಟಕರಿಗೆ ಟಿಕೆಟ್ ಮಾರಲು ಮತ್ತು ಟಿವಿಯಲ್ಲಿ ತೋರಿಸಲು ಒಂದು ಪಂದ್ಯ ಹೆಚ್ಚುವರಿಯಾಗಿ ಸಿಗುತ್ತದೆ.

ನವಿ ಮುಂಬೈಯಲ್ಲಿ ನಡೆದ ಇನ್ನೊಂದು ಕಥೆ

ಪುಣೆಯ ಸೆಮಿಫೈನಲ್‌ಗಳು ಮುಗಿದು ಒಂಬತ್ತು ತಿಂಗಳು ಕಳೆಯುವ ಮುನ್ನವೇ ಅದೇ ಮಹಾರಾಷ್ಟ್ರದಲ್ಲಿ ಈ ಪ್ರಶ್ನೆಗೆ ಇನ್ನೊಂದು ಉತ್ತರ ಸಿಕ್ಕಿತು. 2022ರ ಅಕ್ಟೋಬರ್ 30ರಂದು ನವಿ ಮುಂಬೈಯಲ್ಲಿ 17 ವರ್ಷದೊಳಗಿನ ಮಹಿಳಾ ವಿಶ್ವಕಪ್‌ನ ಮೂರನೇ ಸ್ಥಾನದ ಪಂದ್ಯ ನಡೆಯಿತು. 3-0 ಮುನ್ನಡೆಯಲ್ಲಿದ್ದ ನೈಜೀರಿಯಾವನ್ನು ಜರ್ಮನಿ ಕೊನೆಯ ಹಂತದಲ್ಲಿ 3-3ಕ್ಕೆ ಎಳೆದು ತಂದಿತು. ಶೂಟೌಟ್‌ನಲ್ಲಿ ನೈಜೀರಿಯಾ 3-2ರಿಂದ ಗೆದ್ದು, ಈ ವಯೋಮಿತಿಯ ವಿಶ್ವಕಪ್‌ನಲ್ಲಿ ತನ್ನ ಮೊದಲ ಪದಕ ಪಡೆಯಿತು. ಆ ಹುಡುಗಿಯರಿಗೆ ಇದು ಸಮಾಧಾನಕರ ಬಹುಮಾನವಾಗಿರಲಿಲ್ಲ.

ಭಾರತಕ್ಕೆ ಏಕೆ ಮುಖ್ಯ?

ಭಾರತದ ಫುಟ್ಬಾಲ್ ಇತಿಹಾಸದ ಕೆಲವು ಮುಖ್ಯ ದಿನಗಳು ಇದೇ ಪಂದ್ಯಕ್ಕೆ ಸೇರಿವೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಸೆಮಿಫೈನಲ್ ತಲುಪಿದ ಭಾರತ ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾಗೆ 0-3ರಿಂದ ಸೋತು ನಾಲ್ಕನೇ ಸ್ಥಾನಕ್ಕೆ ತೃಪ್ತಿಪಟ್ಟಿತು. ಅಂದು ತಪ್ಪಿದ ಒಲಿಂಪಿಕ್ ಪದಕ ಮತ್ತೆ ಹತ್ತಿರ ಸುಳಿದಿಲ್ಲ. 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಜಪಾನ್ ವಿರುದ್ಧ 1-0ರಿಂದ ಗೆದ್ದು ಕಂಚು ಪಡೆಯಿತು. ಏಷ್ಯನ್ ಗೇಮ್ಸ್ ಫುಟ್ಬಾಲ್‌ನಲ್ಲಿ ಭಾರತದ ಕೊನೆಯ ಪದಕ ಅದೇ.

2025ರ ಸೆಪ್ಟೆಂಬರ್ 8ರಂದು ತಜಕಿಸ್ತಾನದಲ್ಲಿ ನಡೆದ ಕಾಫಾ ನೇಷನ್ಸ್ ಕಪ್‌ನ ಮೂರನೇ ಸ್ಥಾನದ ಪಂದ್ಯದಲ್ಲಿ ಭಾರತದ ಎದುರಾಳಿ, ರ‍್ಯಾಂಕಿಂಗ್‌ನಲ್ಲಿ ಬಹಳ ಮೇಲಿದ್ದ ಒಮಾನ್. ಬೆಂಗಳೂರು ಎಫ್‌ಸಿಯ ಮಾಜಿ ಆಟಗಾರ ಉದಾಂತ ಸಿಂಗ್ ಸಮಬಲದ ಗೋಲು ಹೊಡೆದರು. ಶೂಟೌಟ್‌ನಲ್ಲಿ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಕೊನೆಯ ಹೊಡೆತ ತಡೆದು 3-2 ಜಯ ತಂದರು. ಇದರಿಂದ ಎಲ್ಲವೂ ಸರಿಹೋಗಲಿಲ್ಲ. ಮರುತಿಂಗಳೇ ಸಿಂಗಪುರಕ್ಕೆ ಸೋತು ಭಾರತ 2027ರ ಏಷ್ಯನ್ ಕಪ್ ಅರ್ಹತೆಯಿಂದ ಹೊರಬಿತ್ತು. ಆದರೂ ಗೆಲುವಿಗಾಗಿ ಕಾಯುತ್ತಿದ್ದ ತಂಡಕ್ಕೆ ಬಲಿಷ್ಠ ಎದುರಾಳಿಯ ಮುಂದೆ ಅಂಥ ಒಂದು ಸಂಜೆ ಸಿಕ್ಕಿದ್ದು ಈ ಪಂದ್ಯದಿಂದಲೇ.

ಹಾಕಿ ಪ್ರಿಯರಿಗೆ ಇದನ್ನು ವಿವರಿಸಬೇಕಿಲ್ಲ. 41 ವರ್ಷಗಳ ಬಳಿಕ ಟೋಕಿಯೊದಲ್ಲಿ ಭಾರತಕ್ಕೆ ಒಲಿಂಪಿಕ್ ಪದಕ ಬಂದದ್ದು ಜರ್ಮನಿ ವಿರುದ್ಧ 5-4ರಿಂದ ಗೆದ್ದ ಕಂಚಿನ ಪಂದ್ಯದಲ್ಲಿ. ಅಂದು ಈ ಪಂದ್ಯ ಬೇಕಿತ್ತೇ ಎಂದು ಯಾರೂ ಕೇಳಲಿಲ್ಲ.

ಹಾಗಾದರೆ ಉತ್ತರವೇನು?

ಎಲ್ಲ ಟೂರ್ನಿಗೂ ಒಂದೇ ಉತ್ತರ ಹೊಂದುವುದಿಲ್ಲ. ಪದಕ, ಅರ್ಹತೆ ಅಥವಾ ಮೊದಲ ಸಾಧನೆ ಪಣಕ್ಕಿದ್ದರೆ ಪಂದ್ಯಕ್ಕೆ ಅರ್ಥವಿದೆ. ಅದು ಯಾವುದೂ ಉಳಿದಿಲ್ಲದಿದ್ದರೆ ಆ ದಿನವನ್ನು ನಿಜವಾಗಿ ಅಗತ್ಯವಿರುವ ತಂಡಗಳಿಗೆ ಕೊಡುವುದೇ ಸರಿ. 2022ರಲ್ಲಿ ವಿಯೆಟ್ನಾಂಗೆ ಸಿಕ್ಕಿದ್ದು ಅಂಥ ಅವಕಾಶ.

ಪುಣೆಯಲ್ಲಿ ಸೋತು ಕಂಚಿನ ಪಂದ್ಯವಿಲ್ಲದೆ ಮರಳಿದ ಫಿಲಿಪ್ಪೀನ್ಸ್ 2023ರ ಜುಲೈ 25ರಂದು ವೆಲ್ಲಿಂಗ್ಟನ್‌ನಲ್ಲಿ ಆತಿಥೇಯ ನ್ಯೂಜಿಲೆಂಡ್ ವಿರುದ್ಧ 1-0ರಿಂದ ಗೆದ್ದಿತು. ವಿಶ್ವಕಪ್‌ನಲ್ಲಿ ಅದು ಆ ದೇಶದ ಮೊದಲ ಗೆಲುವು.