ಮುಖಕ್ಕೊಂದು ಮಸೂರ

‘ಅಲುಗಾಡಬೇಡಿ, ಹಾಗೇ ಇರಿ’ - ಸ್ಟುಡಿಯೋಕ್ಕೆ ಹೋಗಿ ಫೋಟೋ ತೆಗೆಸಿಕೊಂಡವರೆಲ್ಲ ಕೇಳಿರುವ ಮಾತು ಇದು. ಕಣ್ಣು ಮಿಟುಕಿಸುವಷ್ಟರಲ್ಲಿ ಚಿತ್ರ ಮೂಡುವ ಕಾಲದಲ್ಲೂ ಛಾಯಾಗ್ರಾಹಕರ ಬಾಯಲ್ಲಿ ಅದು ಉಳಿದುಕೊಂಡಿದೆ. ಛಾಯಾಗ್ರಹಣ ಹುಟ್ಟಿದ ಹೊಸದರಲ್ಲಿ ಅದು ಬರೀ ಅಭ್ಯಾಸಬಲದ ಮಾತಾಗಿರಲಿಲ್ಲ. ಅಲುಗಾಡಿದವರು ಆಗ ಚಿತ್ರದಲ್ಲಿ ಉಳಿಯುತ್ತಲೇ ಇರಲಿಲ್ಲ.

ಫ್ರಾನ್ಸಿನ ಲೂಯಿ ಡಾಗೆರ್ 1838ರಲ್ಲಿ ಪ್ಯಾರಿಸ್ಸಿನ ಜನನಿಬಿಡ ಬೀದಿಯೊಂದನ್ನು ಎತ್ತರದ ಕಿಟಕಿಯಿಂದ ಸೆರೆಹಿಡಿದ. ಚಿತ್ರದಲ್ಲಿ ಕಟ್ಟಡಗಳಿವೆ, ಮರಗಳಿವೆ. ಓಡಾಡುತ್ತಿದ್ದ ಜನರಿಲ್ಲ, ಕುದುರೆ ಗಾಡಿಗಳಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ಒಂದೇ ಕಡೆ ನಿಂತಿದ್ದ ಒಬ್ಬನ ಆಕೃತಿ ಮಾತ್ರ ಸ್ಪಷ್ಟವಾಗಿ ಮೂಡಿದೆ. ತಟ್ಟೆಯ ಮೇಲೆ ಬೆಳಕು ಹಲವು ನಿಮಿಷ ಬೀಳಬೇಕಿತ್ತು. ನಡೆದು ಹೋದವರು ಅಷ್ಟರೊಳಗೆ ಮಾಯವಾಗಿದ್ದರು.

1839ರ ಆಗಸ್ಟ್‌ನಲ್ಲಿ ಡಾಗೆರ್‌ನ ವಿಧಾನ ಬಹಿರಂಗವಾದಾಗ ಜನ ಬಯಸಿದ್ದು ತಮ್ಮ ಮುಖದ ಚಿತ್ರವನ್ನು. ಅಡ್ಡಿಯಾದದ್ದು ಮಸೂರ. ಡಾಗೆರ್‌ನ ಕ್ಯಾಮೆರಾಕ್ಕೆ ಪ್ಯಾರಿಸ್ಸಿನ ಶಾರ್ಲ್ ಶೆವಾಲಿಯೆ ಮಾಡಿಕೊಟ್ಟಿದ್ದ ಲೆನ್ಸು ಕಟ್ಟಡ, ನಿಸರ್ಗದೃಶ್ಯಗಳಿಗೆ ಸರಿಯಾಗಿತ್ತು. ಆದರೆ ಚಿತ್ರ ಸ್ಪಷ್ಟವಾಗಿ ಬರಬೇಕಾದರೆ ಅದರ ಮುಂದೆ ಸಣ್ಣ ಕಿಂಡಿಯಿಡಬೇಕಿತ್ತು. ಕಿಂಡಿ ಸಣ್ಣದಾದರೆ ಬೆಳಕು ಕಡಿಮೆ, ಬೆಳಕು ಕಡಿಮೆಯಾದರೆ ಕಾಯುವ ಹೊತ್ತು ಹೆಚ್ಚು. ಬಿಸಿಲಲ್ಲಿ ಕಣ್ಣು ಬಿಟ್ಟುಕೊಂಡು ನಿಮಿಷಗಟ್ಟಲೆ ಮಿಸುಕದೆ ಕೂರುವುದು ಯಾರಿಂದ ಸಾಧ್ಯ? ಕತ್ತಿನ ಹಿಂದೆ ಕಬ್ಬಿಣದ ಆನಿಕೆ ನಿಲ್ಲಿಸಿ ತಲೆಯನ್ನು ಹಿಡಿದಿಡುವ ಏರ್ಪಾಡು ಬಂತು. ಆ ಕಾಲದ ಭಾವಚಿತ್ರಗಳಲ್ಲಿ ಎಲ್ಲರೂ ಯಾರ ಮೇಲೋ ಮುನಿಸಿಕೊಂಡವರಂತೆ ಕಾಣುವುದಕ್ಕೆ ಇದೂ ಒಂದು ಕಾರಣವಿರಬೇಕು.

ನ್ಯೂಯಾರ್ಕಿನ ಅಲೆಕ್ಸಾಂಡರ್ ವೋಲ್ಕಾಟ್ ಲೆನ್ಸಿನ ಗೊಡವೆಯೇ ಬೇಡವೆಂದು ಕ್ಯಾಮೆರಾದೊಳಗೆ ತಗ್ಗು ಕನ್ನಡಿಯಿಟ್ಟ. 1840ರ ಮಾರ್ಚ್‌ನಲ್ಲಿ ಭಾವಚಿತ್ರದ ಸ್ಟುಡಿಯೋ ತೆರೆದ. ಬೆಳಕೇನೋ ಧಾರಾಳವಾಗಿ ಸಿಕ್ಕಿತು, ಚಿತ್ರ ಮಾತ್ರ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದು.

ಪರಿಹಾರ ಬಂದದ್ದು ವಿಯೆನ್ನಾದಿಂದ. ಅದೂ ಗಾಜು ಉಜ್ಜುವವರಿಂದಲ್ಲ, ಗಣಿತದ ಮೇಷ್ಟ್ರಿಂದ. ಅಲ್ಲಿಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಯೋಸೆಫ್ ಪೆಟ್ಸ್‌ವಾಲ್ ಇಂದಿನ ಸ್ಲೊವಾಕಿಯಾದಲ್ಲಿ 1807ರಲ್ಲಿ ಹುಟ್ಟಿದವನು. ಪ್ಯಾರಿಸ್ಸಿನಲ್ಲಿ ಡಾಗೆರ್‌ನ ಪ್ರಯೋಗ ನೋಡಿ ಬಂದಿದ್ದ ಸಹೋದ್ಯೋಗಿ ಎಟಿಂಗ್ಸ್‌ಹೌಸನ್ ಅವನನ್ನು ಈ ಕೆಲಸಕ್ಕೆ ಹಚ್ಚಿದ. ಅಲ್ಲಿಯವರೆಗೆ ಲೆನ್ಸು ತಯಾರಿಸುವವರು ಬಹುಪಾಲು ಉಜ್ಜಿ ನೋಡಿ, ತಿದ್ದಿ ನೋಡಿ ಕಲಿತವರು. ಪೆಟ್ಸ್‌ವಾಲ್ ಬೆಳಕಿನ ಕಿರಣಗಳ ಹಾದಿಯನ್ನು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದ. ಲೆಕ್ಕಗಳ ರಾಶಿ ದೊಡ್ಡದು. ಫಿರಂಗಿ ದಳದಲ್ಲಿ ಗಣಿತ ಬಲ್ಲ ಸೈನಿಕರನ್ನೇ ಅವನ ನೆರವಿಗೆ ಕೊಡಲಾಯಿತಂತೆ. ಗುಂಡು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕುತ್ತಿದ್ದವರು ಬೆಳಕು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಿದರು!

1840ರಲ್ಲಿ ಸಿದ್ಧವಾದ ಈ ಲೆನ್ಸಿನಲ್ಲಿ ನಾಲ್ಕು ಗಾಜುಗಳು. ಮುಂದಿನ ಎರಡು ಅಂಟಿಕೊಂಡಿದ್ದರೆ ಹಿಂದಿನ ಎರಡರ ನಡುವೆ ಸಣ್ಣ ಸಂದು. ಲೆನ್ಸಿನ ಬೆಳಕು ನುಂಗುವ ಶಕ್ತಿಯನ್ನು ಛಾಯಾಗ್ರಾಹಕರು ‘ಎಫ್’ ಸಂಖ್ಯೆಯಲ್ಲಿ ಹೇಳುತ್ತಾರೆ. ಸಂಖ್ಯೆ ಕಿರಿದಾದಷ್ಟೂ ಬೆಳಕು ಹೆಚ್ಚು. ಶೆವಾಲಿಯೆಯ ಲೆನ್ಸು ಎಫ್ 15ರ ಆಸುಪಾಸಿನದು, ಪೆಟ್ಸ್‌ವಾಲನದು ಎಫ್ 3.6ರ ಸುಮಾರಿನದು. ಎಂದರೆ ಹದಿನೈದು ಪಟ್ಟಿಗೂ ಮಿಕ್ಕಿ ಬೆಳಕು. ತಟ್ಟೆಗೆ ಬಳಿಯುವ ರಾಸಾಯನಿಕಗಳೂ ಅದೇ ಹೊತ್ತಿಗೆ ಸುಧಾರಿಸಿದವು. ನಿಮಿಷಗಳ ಕೂರಾಟ ಸೆಕೆಂಡುಗಳಿಗೆ ಇಳಿಯಿತು. ಭಾವಚಿತ್ರ ಒಂದು ವ್ಯಾಪಾರವಾದದ್ದು ಇಲ್ಲಿಂದ.

ಲಾಭ ಯಾರಿಗೆ ಹೋಯಿತೆಂಬುದು ಬೇರೆ ಕಥೆ. ಲೆನ್ಸು ತಯಾರಿಸಿದ ಫೋಕ್ಟ್‌ಲೆಂಡರ್ ಪೆಟ್ಸ್‌ವಾಲನಿಗೆ ಒಮ್ಮೆಗೇ 2,000 ಗುಲ್ಡನ್ ಕೊಟ್ಟು ಕೈ ತೊಳೆದುಕೊಂಡ. ಇಬ್ಬರೂ ಜಗಳವಾಡಿ ದೂರಾದರು. ಆಸ್ಟ್ರಿಯಾದ ಆಚೆ ಪೇಟೆಂಟ್ ರಕ್ಷಣೆ ಇರಲಿಲ್ಲವಾದ್ದರಿಂದ ಯುರೋಪು, ಅಮೆರಿಕಗಳ ತಯಾರಕರೆಲ್ಲ ನಕಲು ಮಾಡಿದರು. 1859ರಲ್ಲಿ ಕಳ್ಳರು ಮನೆಗೆ ನುಗ್ಗಿ ಪೆಟ್ಸ್‌ವಾಲನ ಹಸ್ತಪ್ರತಿಗಳೂ ಹಾಳಾದವು.

ಆ ಲೆನ್ಸಿನಲ್ಲಿ ಒಂದು ದೋಷವಿತ್ತು. ನಟ್ಟನಡುವೆ ಚಿತ್ರ ಬಲು ಸ್ಪಷ್ಟ, ಅಂಚಿಗೆ ಹೋದಂತೆ ಮಸುಕು. ಕಟ್ಟಡದ ಚಿತ್ರಕ್ಕೆ ಇದು ದೊಡ್ಡ ಕುಂದು. ಆದರೆ ಭಾವಚಿತ್ರದಲ್ಲಿ ಮುಖ ಇರುವುದೇ ನಡುವೆ. ಸುತ್ತಲಿನದು ಕರಗಿದಷ್ಟೂ ನೋಡುವವರ ದೃಷ್ಟಿ ಕಣ್ಣುಗಳ ಮೇಲೆ ನಿಲ್ಲುತ್ತದೆ. ಲೆಕ್ಕದಲ್ಲಿ ಉಳಿದುಹೋದ ಕೊರತೆ ಹೀಗೆ ಜನರ ಅಭಿರುಚಿಯಾಗಿಬಿಟ್ಟಿತು. 2013ರಲ್ಲಿ ಒಂದು ಸಂಸ್ಥೆ ಈ ಲೆನ್ಸನ್ನು ಹಿತ್ತಾಳೆಯ ಕೊಳವೆಯ ಸಮೇತ ಮತ್ತೆ ಮಾಡಿಸಿದಾಗ ಜನ ಮುಂಗಡ ಹಣ ಕೊಟ್ಟು ಕೊಂಡದ್ದು ಆ ಮಸುಕಿಗಾಗಿಯೇ.

ಮಸುಕನ್ನು ಮೊದಲು ಬೇಕೆಂದೇ ಆರಿಸಿಕೊಂಡವರಲ್ಲಿ ಕಲ್ಕತ್ತೆಯಲ್ಲಿ 1815ರಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಪ್ರಮುಖಳು. ಇಂಗ್ಲೆಂಡಿನಲ್ಲಿದ್ದಾಗ 1863ರಲ್ಲಿ ಮಗಳು ಉಡುಗೊರೆಯಾಗಿ ಕೊಟ್ಟ ಕ್ಯಾಮೆರಾದಲ್ಲಿದ್ದದ್ದು ಪೆಟ್ಸ್‌ವಾಲ್ ಮಾದರಿಯ ಲೆನ್ಸೇ. ಆಕೆಗಾಗ 48 ವರ್ಷ. ವಿಮರ್ಶಕರು ‘ಫೋಕಸ್ ಮಾಡಲು ಬಾರದವಳು’ ಎಂಬಂತೆ ಹಂಗಿಸಿದರು. ಚಿತ್ರ ತನ್ನ ಕಣ್ಣಿಗೆ ಚೆಂದ ಕಂಡಲ್ಲಿಗೆ ಲೆನ್ಸು ತಿರುಗಿಸುವುದನ್ನು ನಿಲ್ಲಿಸುತ್ತಿದ್ದೆ ಎಂಬುದು ಆಕೆಯ ಸಮಜಾಯಿಷಿ. ಹಂಗಿಸಿದವರ ಹೆಸರು ಇಂದು ಎಷ್ಟು ಮಂದಿಗೆ ಗೊತ್ತು?

ಇಪ್ಪತ್ತನೆಯ ಶತಮಾನದಲ್ಲಿ ಫಿಲ್ಮು ಚಿಕ್ಕದಾಯಿತು. 1925ರಲ್ಲಿ ಲೈಕಾ ಬಂದ ಮೇಲೆ ಕ್ಯಾಮೆರಾ ಕೋಟಿನ ಜೇಬಿಗೆ ಇಳಿಯಿತು. ಅದರೊಂದಿಗೆ ‘50 ಎಂಎಂ’, ‘85 ಎಂಎಂ’ ಎಂಬ ಮಾತುಗಳೂ ಬಂದವು. ಇದು ಲೆನ್ಸಿನ ಸಂಗಮ ದೂರ. ಸಂಖ್ಯೆ ಹೆಚ್ಚಿದಷ್ಟೂ ಲೆನ್ಸು ದೂರದ್ದನ್ನು ಹತ್ತಿರಕ್ಕೆ ತರುತ್ತದೆ, ನೋಟದ ಅಗಲ ಕಿರಿದಾಗುತ್ತದೆ.

ಭಾವಚಿತ್ರಕ್ಕೆ 85ರಿಂದ 105 ಎಂಎಂ ಲೆನ್ಸು ಒಳ್ಳೆಯದೆಂದು ಅಂಗಡಿಯವರು ಹೇಳುತ್ತಾರೆ. ಏಕೆಂದು ಕೇಳಿದರೆ ‘ಮುಖ ಚೆನ್ನಾಗಿ ಬರುತ್ತೆ ಸಾರ್’ ಎನ್ನುತ್ತಾರೆ. ಆದರೆ ಮುಖದ ಆಕಾರವನ್ನು ನಿರ್ಧರಿಸುವುದು ಲೆನ್ಸಲ್ಲ, ದೂರ. ಒಂದು ಸಣ್ಣ ಲೆಕ್ಕ ನೋಡಿ. ಮೂಗಿನ ತುದಿಗಿಂತ ಕಿವಿ ಸುಮಾರು 12 ಸೆಂ.ಮೀ. ಹಿಂದಿದೆ ಎಂದುಕೊಳ್ಳೋಣ. ಕ್ಯಾಮೆರಾ ಮೂಗಿನಿಂದ 30 ಸೆಂ.ಮೀ. ದೂರದಲ್ಲಿದ್ದರೆ ಕಿವಿ 42 ಸೆಂ.ಮೀ. ದೂರದಲ್ಲಿರುತ್ತದೆ. ಕಿವಿಗೆ ಹೋಲಿಸಿದರೆ ಮೂಗು ಶೇ 40ರಷ್ಟು ಉಬ್ಬಿ ಕಾಣುತ್ತದೆ. ಅದೇ ಕ್ಯಾಮೆರಾವನ್ನು ಎರಡು ಮೀಟರ್ ಹಿಂದಕ್ಕೆ ಒಯ್ದರೆ 200 ಮತ್ತು 212. ವ್ಯತ್ಯಾಸ ಶೇ 6 ಮಾತ್ರ. ತಲೆ, ಭುಜಗಳು ಚೌಕಟ್ಟು ತುಂಬಬೇಕಾದರೆ 28 ಎಂಎಂ ಲೆನ್ಸಿನವನು ಅರ್ಧ ಮೀಟರಿನಷ್ಟು ಹತ್ತಿರ ಹೋಗಬೇಕು. 50 ಎಂಎಂನವನಿಗೆ ಒಂದು ಮೀಟರಿಗಿಂತ ಸ್ವಲ್ಪ ಕಡಿಮೆ ಸಾಕು. 85 ಅಥವಾ 105 ಎಂಎಂ ಇದ್ದವನು ಒಂದೂವರೆಯಿಂದ ಎರಡು ಮೀಟರ್ ದೂರದಲ್ಲಿ ನಿಲ್ಲುತ್ತಾನೆ, ನಾವು ಜಗಲಿಯಲ್ಲಿ ಕೂತು ಎದುರಿನವರೊಡನೆ ಮಾತನಾಡುವಷ್ಟು ಅಂತರದಲ್ಲಿ. ಪರಿಚಿತರ ಮುಖ ನಮ್ಮ ನೆನಪಿನಲ್ಲಿರುವುದು ಬಹುಶಃ ಆ ದೂರದಿಂದ ಕಂಡಂತೆಯೇ. ಲೆನ್ಸು ಮಾಡುವ ಉಪಕಾರವೆಂದರೆ ಛಾಯಾಗ್ರಾಹಕನನ್ನು ಅಲ್ಲಿ ನಿಲ್ಲಿಸುವುದು.

ಇಂಥ ಲೆನ್ಸಿನಿಂದ ತೆಗೆದ ಒಂದು ಭಾವಚಿತ್ರ ಒಂದು ಉದ್ಯಮಕ್ಕೇ ತಿರುವು ಕೊಟ್ಟಿತು. 1950ರಲ್ಲಿ ಟೋಕಿಯೋದಲ್ಲಿ ಜಪಾನಿನ ಜುನ್ ಮಿಕಿ, ‘ಲೈಫ್’ ಪತ್ರಿಕೆಯ ಡೇವಿಡ್ ಡಗ್ಲಸ್ ಡಂಕನ್ ಅವರ ಚಿತ್ರವನ್ನು 85 ಎಂಎಂ ನಿಕ್ಕಾರ್ ಲೆನ್ಸಿನಲ್ಲಿ ತೆಗೆದರು. ಪ್ರಿಂಟು ನೋಡಿದ ಡಂಕನ್ ಬೆರಗಾಗಿ ತಯಾರಕರನ್ನೇ ಹುಡುಕಿಕೊಂಡು ಹೋದರು. ಅದೇ ವರ್ಷ ಶುರುವಾದ ಕೊರಿಯಾ ಯುದ್ಧಕ್ಕೂ ಆ ಲೆನ್ಸುಗಳನ್ನೇ ಒಯ್ದರು. ಜರ್ಮನಿಯೇ ಗತಿ ಎಂದಿದ್ದ ಛಾಯಾಗ್ರಾಹಕರು ಜಪಾನಿನತ್ತ ತಿರುಗಿದರು. ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯ 1985ರ ಜೂನ್ ಸಂಚಿಕೆಯ ಮುಖಪುಟದಲ್ಲಿ ಬಂದ ಹಸಿರುಗಣ್ಣಿನ ಆಫ್ಘನ್ ಹುಡುಗಿಯ ಚಿತ್ರವನ್ನು ಸ್ಟೀವ್ ಮೆಕರಿ ತೆಗೆದದ್ದು 105 ಎಂಎಂ ನಿಕ್ಕಾರ್‌ನಿಂದ.

ಈಗ ಜಗತ್ತಿನ ಹೆಚ್ಚಿನ ಭಾವಚಿತ್ರಗಳನ್ನು ತೆಗೆಯುವುದು ಕೈಚಾಚಿ ಹಿಡಿದ ಫೋನು. ಅದರ ಅಗಲ ನೋಟದ ಲೆನ್ಸು ತೋಳಿನಳತೆಯೊಳಗೇ ಇರಬೇಕು. ಸೆಲ್ಫಿ ತೋರಿಸಿ ‘ಮೂಗು ಚಿಕ್ಕದು ಮಾಡಿ’ ಎಂದು ಬರುವವರನ್ನು ಕಂಡ ಅಮೆರಿಕದ ಶಸ್ತ್ರವೈದ್ಯರು 2018ರಲ್ಲಿ ಇದನ್ನು ಲೆಕ್ಕ ಹಾಕಿದರು. ಐದು ಅಡಿ ದೂರದ ಚಿತ್ರಕ್ಕೆ ಹೋಲಿಸಿದರೆ ಒಂದು ಅಡಿ ದೂರದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದಂತೆ. ಹುಟ್ಟಿನಿಂದ ಬಂದ ಮೂಗಿಗೆ ಕತ್ತರಿ ಹಾಕಿಸುವ ಮುನ್ನ ಕ್ಯಾಮೆರಾವನ್ನು ನಾಲ್ಕು ಅಡಿ ಹಿಂದಕ್ಕೆ ಸರಿಸಿ ನೋಡಬಹುದು. ಫೋನನ್ನು ಇನ್ನೊಬ್ಬರ ಕೈಗೆ ಕೊಟ್ಟು ಐದಾರು ಅಡಿ ಆಚೆ ನಿಲ್ಲಿಸಿ, ಎರಡು ಪಟ್ಟು ಹತ್ತಿರ ತೋರಿಸುವ ಲೆನ್ಸಿದ್ದರೆ ಅದನ್ನು ಆರಿಸಿದರಾಯಿತು. ಕ್ಯಾಮೆರಾ ಇಟ್ಟುಕೊಂಡವರೂ ದುಬಾರಿ ಲೆನ್ಸಿಗೆ ಆತುರಪಡಬೇಕಿಲ್ಲ. ಸಣ್ಣ ಸೆನ್ಸರಿನ ಸಾಧಾರಣ ಡಿಜಿಟಲ್ ಕ್ಯಾಮೆರಾಗಳಲ್ಲಿ ಅಗ್ಗದ 50 ಎಂಎಂ ಲೆನ್ಸೇ 75-80 ಎಂಎಂನಷ್ಟು ನೋಟ ಕೊಡುತ್ತದೆ.